ಒರಳುಕಲ್ಲು ಯಾರ ಮನೆಯಲ್ಲಿರಬೇಕು?

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಆರು ಮನೆಗೆ ಒಂದೇ ಒರಳುಕಲ್ಲು, ಅದೂ ಹಿತ್ತಲಲ್ಲಿ. ಯಾರದಾದರೂ ಅಡುಗೆಮನೆಯಲ್ಲಿ ಇದ್ದಿದ್ದರೆ, ಅವರು ಬೀಗ ಹಾಕಿಕೊಂಡು ಊರಿಗೆ ಹೋದಾಗ ಉಳಿದ ಐದು ಮನೆಗೆ ದೋಸೆ ಇಲ್ಲ!

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೋಡ್ ಓದುವಾಗ ಆ ಕಲ್ಲು ನೆನಪಾಗುತ್ತದೆ. 1986ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಈ ಕೋಡನ್ನು ಇವತ್ತು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಅದರಲ್ಲಿ ಡೇಟಾ ಕಾಯುವ ಸರ್ವರ್ ಒಂದು ಕಡೆ, ಬ್ಯಾಕಪ್ ತೆಗೆಯುವ ಪಿಜಿ-ಡಂಪ್‌ನಂಥ ಟೂಲ್‌ಗಳು ಇನ್ನೊಂದು ಕಡೆ.

ಬಸವನಗುಡಿಯ ದರ್ಶಿನಿಯೊಂದು ಬಿಲ್ಲಿಂಗಿಗೆ 'ಆರ್ಡರ್' ಎಂಬ ಟೇಬಲ್, ಅಂದರೆ ಮಾಹಿತಿಯ ಕೋಷ್ಟಕ, ಮಾಡಿಕೊಂಡಿದೆ ಅಂದುಕೊಳ್ಳಿ. ಡೇಟಾಬೇಸಿಗೆ ಕೆಲಸ ಹೇಳುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಅದು ಮೀಸಲು ಪದ, ಅಂದರೆ ಭಾಷೆಯೇ ತನ್ನ ಬಳಕೆಗೆ ಇಟ್ಟುಕೊಂಡದ್ದು. ಹೆಸರಾಗಿ ಬಳಸಬೇಕಾದರೆ ಕೋಟ್ ಚಿಹ್ನೆಯೊಳಗೆ ಬರೆಯಬೇಕು. ಹಾಗಾಗಿ ಮೀಸಲು ಪದಗಳ ಪಟ್ಟಿ ಸರ್ವರ್‌ಗೂ ಬೇಕು, ಪಿಜಿ-ಡಂಪ್‌ಗೂ ಬೇಕು. ಸುಮ್ನೆ ಎರಡು ಪ್ರತಿ ಇಟ್ಟರಾಯಿತು, ಅಲ್ವಾ? ಒಂದಕ್ಕೆ ಹೊಸ ಪದ ಸೇರಿಸಿ ಇನ್ನೊಂದನ್ನು ಮರೆತರೆ, ತೆಗೆದ ಬ್ಯಾಕಪ್ ವಾಪಸ್ ಹಾಕುವಾಗ ಕೈಕೊಡುತ್ತದೆ. ನನ್ನ ಹಳೆಯ ಆಫೀಸಿನಲ್ಲಿ ಪೈಸೆ ಸರಿದೂಗಿಸುವ ಕೋಡ್ ಹೀಗೇ ಎರಡು ಕಡೆ ಇತ್ತು. ಸ್ಕ್ರೀನಿನಲ್ಲಿ ಒಂದು ಮೊತ್ತ, ಬಿಲ್ಲಿನಲ್ಲಿ ಇನ್ನೊಂದು. ಬೈಸಿಕೊಂಡದ್ದು ಮಾತ್ರ ನಾನೊಬ್ಬನೇ.

2013ರಲ್ಲಿ ಬಂದ ಪೋಸ್ಟ್‌ಗ್ರೆಸ್ 9.3 ಆವೃತ್ತಿಯಲ್ಲಿ, ಎರಡೂ ಕಡೆಗೆ ಬೇಕಾದ ಇಂಥ ಕೋಡಿಗೆಂದೇ 'ಕಾಮನ್' ಎಂಬ ಫೋಲ್ಡರ್ ಮಾಡಿದರು. ಹೆಸರು ನೋಡಿ, ಜಾಗ ಸಿಗದ್ದನ್ನೆಲ್ಲ ಎಸೆಯುವ ಅಟ್ಟ ಅಂದುಕೊಳ್ಳಬಾರದು. ಆಪರೇಟಿಂಗ್ ಸಿಸ್ಟಮ್ ಕೊಡದೇ ಹೋದ ಸಣ್ಣಪುಟ್ಟ ಕೆಲಸಗಳಿಗೆ 'ಪೋರ್ಟ್' ಅಂತ ಬೇರೆಯದೇ ಫೋಲ್ಡರ್ ಇದೆ. ಟೂಲ್‌ಗಳಿಗೆ ಮಾತ್ರ ಬೇಕಾದ್ದಕ್ಕೆ ಮತ್ತೊಂದಿದೆ.

ಕಷ್ಟ ಇರುವುದು ಒಂದೊಂದು ಮನೆಯ ಪದ್ಧತಿಯಲ್ಲಿ. ಸರ್ವರ್‌ನಲ್ಲಿ ಮೆಮೊರಿ ಸಾಲದೆ ಬಂದರೆ ಆಗ ನಡೆಯುತ್ತಿದ್ದ ಕ್ವೆರಿಯನ್ನು (ಡೇಟಾಬೇಸಿಗೆ ಕೇಳಿದ ಪ್ರಶ್ನೆಯನ್ನು) ಮಾತ್ರ ರದ್ದು ಮಾಡಿ, ಅದು ಹಿಡಿದಿದ್ದ ಜಾಗವನ್ನೆಲ್ಲ ಒಟ್ಟಿಗೆ ಬಿಡಿಸುತ್ತಾರೆ. ಟೂಲ್ ಆದರೆ ಒಂದು ಸಾಲು ದೂರು ಬರೆದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಒಂದೇ ಫೈಲನ್ನು ಸರ್ವರ್‌ಗೊಮ್ಮೆ, ಟೂಲ್‌ಗೊಮ್ಮೆ ಬೇರೆ ಬೇರೆಯಾಗಿ ಕಂಪೈಲ್ ಮಾಡುತ್ತಾರೆ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ತರುತ್ತಾರೆ. ಮೂರನೆಯವನು ಲಿಬ್‌ಪಿಕ್ಯೂ, ಬೇರೆ ಪ್ರೋಗ್ರಾಂಗಳು ಪೋಸ್ಟ್‌ಗ್ರೆಸ್ ಜೊತೆ ಮಾತಾಡಲು ಬಳಸುವ ಸಿದ್ಧ ಕೋಡಿನ ಲೈಬ್ರರಿ. ಇದು ಇರುವುದು ಬೇರೆಯವರ ಪ್ರೋಗ್ರಾಂ ಒಳಗೆ. ತನಗೆ ಮೆಮೊರಿ ಸಿಗಲಿಲ್ಲವೆಂದು ಇಡೀ ಪ್ರೋಗ್ರಾಂ ನಿಲ್ಲಿಸಿದರೆ, ನೆಂಟ ಮನೆಗೇ ಬೀಗ ಜಡಿದ ಹಾಗೆ.

ಜೇಸನ್ ಎಂಬುದು ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಒಂದು ರೂಪ; ಅದನ್ನು ಓದುವ ಕೋಡಿನ ಕಥೆ ನನಗೆ ಜಾಸ್ತಿ ಇಷ್ಟ. ಮೊದಲು ಆ ಕೋಡ್ ಸರ್ವರ್ ಒಳಗೇ ಇತ್ತು. 2020ರ 13ನೇ ಆವೃತ್ತಿಯಲ್ಲಿ ಬ್ಯಾಕಪ್ ಸರಿಯಿದೆಯೇ ಎಂದು ನೋಡುವ ಟೂಲ್ ಬಂತು. ಬ್ಯಾಕಪ್ಪಿನ ಫೈಲ್‌ಪಟ್ಟಿ ಜೇಸನ್‌ನಲ್ಲಿರುವುದರಿಂದ ಅದಕ್ಕೂ ಈ ಕೋಡ್ ಬೇಕಾಯಿತು. ಫೈಲ್ ಎತ್ತಿ 'ಕಾಮನ್'ಗೆ ಹಾಕಿದರೆ ಸಾಲಲಿಲ್ಲ. ತಪ್ಪು ಕಂಡ ಕೂಡಲೇ ಸರ್ವರ್ ಪದ್ಧತಿಯಂತೆ ಕೂಗುತ್ತಿದ್ದ ಕೋಡನ್ನು, ಯಾವ ತಪ್ಪು ಎಂದಷ್ಟೇ ಕರೆದವರಿಗೆ ಹೇಳಿ ಸುಮ್ಮನಾಗುವಂತೆ ತಿದ್ದಿದರು. 2025ರ 18ನೇ ಆವೃತ್ತಿಯಲ್ಲಿ ಓಆಥ್ ಲಾಗಿನ್‌ಗಾಗಿ (ಬೇರೊಂದು ಸೇವೆಯ ಖಾತೆ ತೋರಿಸಿ ಒಳಬರುವ ಪದ್ಧತಿ) ಲಿಬ್‌ಪಿಕ್ಯೂ ಕಡೆಗೂ ಅದೇ ಬೇಕಾಯಿತು. ಆಗ ಆ ತಪ್ಪುಗಳ ಪಟ್ಟಿಗೆ 'ಮೆಮೊರಿ ಸಾಲಲಿಲ್ಲ' ಎಂಬ ಒಂದು ಸಾಲು ಸೇರಿತು.