ಪದ ಪರಿಚಯ: ದಹನ ವಿಳಂಬ

ಒಲೆಯ ಕೆಂಡದ ಮೇಲೆ ಬೊಗಸೆ ತುಂಬ ಮರದ ಹೊಟ್ಟು ಸುರಿದರೆ ಕೆಂಡವೇ ಮಂಕಾಗಿ ಹೊಗೆಯಾಡುತ್ತದೆ. ಅದೇ ಹೊಟ್ಟು ಉರಿಯ ಮೇಲೆ ಚಿಟಿಕೆಯಷ್ಟು ಉದುರಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಗುಡ್ಡೆಯೊಳಗೆ ಸಿಗದ ಗಾಳಿ ಉದುರುವಾಗ ಒಂದೊಂದು ಕಣಕ್ಕೂ ಸಿಗುತ್ತದೆ.

ಆ ಭಗ್ಗಿಗೂ ಮೊದಲು ಒಂದು ಚೂರು ಹೊತ್ತು ಹಿಡಿಯುತ್ತದೆ. ಕಣಕ್ಕೆ ಬಿಸಿ ತಾಗಿದ ಕ್ಷಣದಿಂದ ಬೆಂಕಿ ಏಳುವ ಕ್ಷಣದವರೆಗಿನ ಈ ಅವಧಿಯೇ ದಹನ ವಿಳಂಬ. ಡೀಸೆಲ್ ಎಂಜಿನ್ ಓದಿದವರ ಬಾಯಲ್ಲಿ ಇಗ್ನಿಷನ್ ಡಿಲೇ. ಕಲ್ಲಿದ್ದಲ ಕಣ ಈ ಹೊತ್ತಿನಲ್ಲಿ ಕಾದು, ಉರಿಯಬಲ್ಲ ಅನಿಲ ಬಿಡುತ್ತದೆ. ಅಲ್ಯೂಮಿನಿಯಂ ಕಣದ ಪಾಡು ಬೇರೆ. ಒಳಗಿನ ಲೋಹ 660 ಡಿಗ್ರಿಗೇ ಕರಗಿದರೂ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು.

ಇದನ್ನು ಅಳೆಯಬೇಕೆಂದರೆ ಗಾಳಿ ದಿಢೀರನೆ ಕಾಯಬೇಕು. ಆ ಕೆಲಸ ಆಘಾತ ತರಂಗದ್ದು, ಅಂದರೆ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಒತ್ತಡದ ಅಲೆಯದ್ದು. ಶಾಕ್ ಟ್ಯೂಬ್ ಎಂಬ ಉದ್ದ ಕೊಳವೆಯ ನಡುವೆ ತೆಳು ತಗಡು ಇಟ್ಟು, ಒಂದು ಬದಿಯಲ್ಲಿ ಒತ್ತಡ ಏರಿಸುತ್ತಾರೆ. ತಗಡು ಹರಿದೊಡನೆ ತರಂಗ ನುಗ್ಗುತ್ತದೆ. ಅದರ ವೇಗ ಶಬ್ದದ ಮೂರು ಪಟ್ಟಿದ್ದರೆ, 27 ಡಿಗ್ರಿಯ ಗಾಳಿ ಕ್ಷಣದಲ್ಲಿ ಸುಮಾರು 530 ಡಿಗ್ರಿಗೆ ಏರುತ್ತದೆ, ಒತ್ತಡ ಹತ್ತು ಪಟ್ಟಾಗುತ್ತದೆ. ಕೊನೆಯ ಗೋಡೆಗೆ ಬಡಿದು ಹಿಂದಿರುಗುವಾಗ ಅದೇ ಗಾಳಿ ಸಾವಿರ ಡಿಗ್ರಿ ದಾಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಪಿ.ಜೆ. ರೆಡ್ಡಿ ರೂಪಿಸಿದ 'ರೆಡ್ಡಿ ಟ್ಯೂಬ್'ನಲ್ಲಿ ಇಂಥ ತರಂಗವನ್ನು ಕೈಬಲದಿಂದಲೇ ಎಬ್ಬಿಸಬಹುದು.

ಗಾಳಿ ಕಾದಷ್ಟು ಬೇಗ ಕಣ ಕಾಯುವುದಿಲ್ಲ, ಓಡುವುದೂ ಇಲ್ಲ. ತರಂಗದ ಹಿಂದಿನ ಗಾಳಿ ಸೆಕೆಂಡಿಗೆ 770 ಮೀಟರಿನಂತೆ ಧಾವಿಸುವಾಗ ಕಣ ತನ್ನ ಭಾರಕ್ಕೆ ಹಿಂದುಳಿಯುತ್ತದೆ. ಬಿಸಿಗಾಳಿ ಅದರ ಮೈ ಸವರಿಕೊಂಡು ಹೋಗುತ್ತದೆ, ಹಾಗಾಗಿ ಬಿಸಿ ಬೇಗ ಒಳಗಿಳಿಯುತ್ತದೆ. ಪುಡಿ ನುಣುಪಾದಷ್ಟೂ ವಿಳಂಬ ಕಡಿಮೆ.

1906ರ ಮಾರ್ಚ್ 10ರಂದು ಉತ್ತರ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ 1,099 ಜನ ಸತ್ತರು. ಸ್ಫೋಟವನ್ನು ಸುರಂಗದಿಂದ ಸುರಂಗಕ್ಕೆ ಕೊಂಡೊಯ್ದದ್ದು ಕಲ್ಲಿದ್ದಲ ಧೂಳು. ನೆಲದ ಮೇಲೆ, ತೊಲೆಗಳ ಮೇಲೆ ತಣ್ಣಗೆ ಕೂತ ಧೂಳನ್ನು ಮುಂದೆ ಓಡುವ ಒತ್ತಡದ ಅಲೆ ಎಬ್ಬಿಸಿ ಗಾಳಿಗೆ ಬೆರೆಸುತ್ತದೆ. ಹಿಂದೆ ಬರುವ ಜ್ವಾಲೆಗೆ ಅದೇ ಇಂಧನ. ನನ್ನ ಮಟ್ಟಿಗೆ ಈ ಪದವನ್ನು ಅರಿಯಬೇಕಾದ ಜಾಗ ಇದೇ. ಅಲೆ ಬಲವಾದಂತೆ ಅದಕ್ಕೂ ಜ್ವಾಲೆಗೂ ನಡುವಿನ ಅಂತರ ಕುಗ್ಗುತ್ತದೆ. ಅಲೆಯ ಬಿಸಿಯೇ ಧೂಳನ್ನು ಹೊತ್ತಿಸುವಷ್ಟಾದರೆ ಅದು ಡಿಟೋನೇಷನ್. ಆಗ ಉಳಿಯುವ ಅಂತರ ದಹನ ವಿಳಂಬದಷ್ಟೇ.

ಅಂತರ ಇನ್ನೂ ಇರುವಾಗಲೇ ಅದನ್ನು ಬಳಸಿಕೊಳ್ಳುವ ಉಪಾಯ ಗಣಿಗಳಲ್ಲಿದೆ. ಸುರಂಗದ ಸೂರಿನಡಿ ಸಡಿಲವಾದ ಹಲಗೆಗಳ ಮೇಲೆ ಸುಣ್ಣಕಲ್ಲಿನ ಪುಡಿ ಹರಡಿಟ್ಟಿರುತ್ತಾರೆ. ಮೊದಲು ಬರುವ ಅಲೆ ಹಲಗೆಗಳನ್ನು ಕೆಡವುತ್ತದೆ. ಜ್ವಾಲೆ ಬರುವಷ್ಟರಲ್ಲಿ ಉರಿಯದ ಆ ಪುಡಿ ಸುರಂಗದ ತುಂಬ ತುಂಬಿಕೊಂಡಿರುತ್ತದೆ.