ಔಷಧಿಯೂ ಸಾಲವೂ ಸ್ಪ್ಯಾಮ್ ಅಲ್ಲ: ಸಂದೇಶ ಸೋಸುವ ಗಣಿತ

ಬೇಡದ ಸಂದೇಶಗಳ ಕಾಟ ತಡೆಯುವುದು ಹೇಗೆಂದು ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ಕೆಟ್ಟ ಪದಗಳ ಪಟ್ಟಿ ಮಾಡಿಟ್ಟುಕೊಂಡು, ಅವು ಕಂಡ ಸಂದೇಶವನ್ನು ಒಳಗೆ ಬಿಡದಿರುವುದು. ಈ ಉಪಾಯವನ್ನು ಮಲೆನಾಡಿನ ಅಡಿಕೆ ಬೆಳೆಗಾರರು ತಮ್ಮೊಳಗೆ ಕಳಿಸಿಕೊಳ್ಳುವ ಸಂದೇಶಗಳ ಮೇಲೆ ಪ್ರಯೋಗಿಸಿದರೆ ಅದು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಇಮೇಲ್ ಸ್ಪ್ಯಾಮಿನಲ್ಲಿ ಔಷಧಿ ಮಾರುವವರ ಹಾವಳಿ ಬಹಳ ಹಳೆಯದು. ಆದ್ದರಿಂದ ‘ಔಷಧಿ’ ಪಟ್ಟಿಯ ಮೇಲ್ಭಾಗದಲ್ಲೇ ಕೂರುತ್ತದೆ. ಆದರೆ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಔಷಧಿ ಎಂದರೆ ಅಡಿಕೆ ಕಾಯಿ ಕೊಳೆಯುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೇ ತಿಂಗಳ ಕೊನೆಯಿಂದ ಆಗಸ್ಟ್‌ವರೆಗೆ ‘ಔಷಧಿ ಹೊಡೆದಾಯಿತೇ’, ‘ಮರ ಹತ್ತುವ ಕೊನೆಗಾರ ಸಿಕ್ಕಿದನೇ’ ಎಂಬೆರಡು ಪ್ರಶ್ನೆಗಳಿಲ್ಲದೆ ಇಲ್ಲಿ ಮಾತೇ ಸಾಗುವುದಿಲ್ಲ. ಆ ಪಟ್ಟಿಯನ್ನು ನಂಬಿದ ಫಿಲ್ಟರ್, ಬೆಳೆಗಾರರಿಗೆ ಅತ್ಯಂತ ಅಗತ್ಯವಾದ ಮಾತನ್ನೇ ಅತ್ಯಂತ ಅಗತ್ಯವಾದ ತಿಂಗಳಿನಲ್ಲಿ ನುಂಗಿಹಾಕುತ್ತದೆ.

‘ಸಾಲ’ ಪದದ ಗತಿ ಇನ್ನೂ ವಿಚಿತ್ರವಾದದ್ದು. ಕಂಪ್ಯೂಟರು ಕನ್ನಡವನ್ನು ಅಕ್ಷರ ಮತ್ತು ಸ್ವರಚಿಹ್ನೆಗಳ ಸರಣಿಯಾಗಿ ಕಾಣುತ್ತದೆ. ಸ, ದೀರ್ಘದ ಚಿಹ್ನೆ, ಲ ಎಂಬ ಮೂರು ಸಂಕೇತಗಳು ಒಂದರ ಹಿಂದೊಂದು ಬಂದರೆ ತಡೆಯಬೇಕೆಂದು ಹೇಳಿಬಿಟ್ಟರೆ ಸಹಕಾರ ಸಂಘದ ಬೆಳೆಸಾಲವಷ್ಟೇ ಅಲ್ಲ, ತೋಟದ ಅಡಿಕೆ ಸಾಲು, ‘ಇಷ್ಟು ಗೊಬ್ಬರ ಸಾಲದು’ ಎಂಬ ದೂರು, ಕೊನೆಗೆ ಮಸಾಲೆ ದೋಸೆ ಕೂಡ ಆ ಬಲೆಗೆ ಬೀಳುತ್ತವೆ. ಇದು ನಮ್ಮ ಭಾಷೆಯ ದೋಷವೇನಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದ ಜನ ಅಮೆರಿಕ ಆನ್‌ಲೈನ್ ಎಂಬ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯಲಾಗದೆ ಪರದಾಡಿದ್ದರು. ಊರಿನ ಹೆಸರಿನ ನಡುವೆ ಅಡಗಿದ್ದ ನಾಲ್ಕು ಅಕ್ಷರಗಳು ಅಲ್ಲಿನ ಫಿಲ್ಟರಿನ ಕಣ್ಣಿಗೆ ಅಶ್ಲೀಲವಾಗಿದ್ದವು.

ಯಾವ ಪದವೂ ತಾನಾಗಿ ಕೆಟ್ಟದ್ದಲ್ಲ. ಒಂದು ಪದ ಸ್ಪ್ಯಾಮಿನಲ್ಲಿ ಎಷ್ಟು ಸಲ ಬರುತ್ತದೆ, ಈ ಜನರ ನಿಜವಾದ ಮಾತುಕತೆಯಲ್ಲಿ ಎಷ್ಟು ಸಲ ಬರುತ್ತದೆ ಎಂಬೆರಡು ಲೆಕ್ಕಗಳ ನಡುವಿನ ಅನುಪಾತವೇ ಆ ಪದದ ತೂಕ. ಈ ವಿಚಾರದ ಬೇರು ಸ್ಪ್ಯಾಮಿಗಿಂತ ಎರಡು ಶತಮಾನ ಹಳೆಯದು. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳಲ್ಲಿ ಸಿಕ್ಕ ಪ್ರಬಂಧವೊಂದನ್ನು ಗೆಳೆಯ ರಿಚರ್ಡ್ ಪ್ರೈಸ್ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಗೆ ಕಳಿಸಿದರು. ಅದು 1763ರ ಸಂಪುಟದಲ್ಲಿ ಅಚ್ಚಾಯಿತು. ಕಂಡ ಪರಿಣಾಮದಿಂದ ಕಾಣದ ಕಾರಣದ ಸಂಭವವನ್ನು ಅಳೆಯುವ ಆ ಸೂತ್ರವನ್ನು 1998ರಲ್ಲಿ ಕಂಪ್ಯೂಟರ್ ವಿಜ್ಞಾನಿ ಮೆಹ್ರಾನ್ ಸಹಾಮಿ ಮತ್ತು ಸಂಗಡಿಗರು ಇಮೇಲಿನ ಕಸಕ್ಕೆ ಅನ್ವಯಿಸಿ ತೋರಿಸಿದರು. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಲೇಖನವೊಂದು ಅದನ್ನು ಪ್ರೋಗ್ರಾಮರುಗಳ ಮನೆಮಾತಾಗಿಸಿತು.

ಲೆಕ್ಕವನ್ನು ಮಾಡಿಯೇ ನೋಡುವುದು ಒಳ್ಳೆಯದು, ಏಕೆಂದರೆ ಇದರ ಸೊಗಸು ಇರುವುದೇ ಲೆಕ್ಕದಲ್ಲಿ. ಬೆಳೆಗಾರರ 1000 ಸಂದೇಶಗಳಿವೆ, ಅವುಗಳಲ್ಲಿ 200 ಸ್ಪ್ಯಾಮ್, 800 ಒಳ್ಳೆಯವು ಎಂದಿಟ್ಟುಕೊಳ್ಳಿ. ಒಂದು ಸಂದೇಶವನ್ನು ಇನ್ನೂ ಓದುವ ಮೊದಲೇ ಸ್ಪ್ಯಾಮಿಗೂ ಒಳ್ಳೆಯದಕ್ಕೂ ಇರುವ ಅನುಪಾತ 1ಕ್ಕೆ 4. ‘ಸಾಲ’ ಎಂಬುದು 200 ಸ್ಪ್ಯಾಮಿನಲ್ಲಿ 80 ಕಡೆ, 800 ಒಳ್ಳೆಯ ಸಂದೇಶಗಳಲ್ಲಿ 40 ಕಡೆ ಇದೆಯಾದರೆ ಸ್ಪ್ಯಾಮಿನಲ್ಲಿ ಅದರ ಪ್ರಮಾಣ ಶೇಕಡಾ 40, ಒಳ್ಳೆಯವುಗಳಲ್ಲಿ ಶೇಕಡಾ 5. ಆದ್ದರಿಂದ ಅದರ ತೂಕ 8. ‘ಲಿಂಕ್ ಒತ್ತಿ’ ಎಂಬುದು ಸ್ಪ್ಯಾಮಿನಲ್ಲಿ 100 ಕಡೆ, ಉಳಿದವುಗಳಲ್ಲಿ 8 ಕಡೆ ಬಂದಿದ್ದರೆ ತೂಕ 50. ‘ಕೊಳೆ’ ಎಂಬ ಪದವಾದರೋ ಸ್ಪ್ಯಾಮಿನಲ್ಲಿ ಒಂದೇ ಒಂದು ಕಡೆ, ಒಳ್ಳೆಯ ಸಂದೇಶಗಳಲ್ಲಿ 200 ಕಡೆ ಬಂದಿದೆ ಎನ್ನೋಣ. ಅದರ ತೂಕ 50ರಲ್ಲಿ ಒಂದು ಪಾಲು. ಈಗ ‘ಹತ್ತೇ ನಿಮಿಷದಲ್ಲಿ ಸಾಲ, ಈಗಲೇ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಮೊದಲಿನ 1ಕ್ಕೆ 4ನ್ನು 8ರಿಂದಲೂ 50ರಿಂದಲೂ ಗುಣಿಸಬೇಕು. ಸಿಗುವುದು 100ಕ್ಕೆ 1: ನಿಸ್ಸಂಶಯವಾಗಿ ಕಸ. ‘ಕೊಳೆ ಬಂದು ಫಸಲು ಹೋಯಿತು, ಸಂಘದಲ್ಲಿ ಸಾಲ ಸಿಗುವುದೇ’ ಎಂದು ಒಬ್ಬರು ಕೇಳಿದರೆ ‘ಸಾಲ’ ಅನುಪಾತವನ್ನು 2ಕ್ಕೆ 1 ಮಾಡುತ್ತದೆ, ‘ಕೊಳೆ’ ಅದನ್ನು 1ಕ್ಕೆ 25ಕ್ಕೆ ಇಳಿಸುತ್ತದೆ. ಸಂದೇಶ ನಿರಾಯಾಸವಾಗಿ ದಾಟುತ್ತದೆ. ಶಿವಮೊಗ್ಗದ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ಹೆಸರುಗಳಿಗೂ ಇದೇ ಬಲವಿದೆ. ಸ್ಪ್ಯಾಮ್ ಹಂಚುವವನಿಗೆ ಗೊತ್ತಿಲ್ಲದ ಕಸುಬಿನ ಪರಿಭಾಷೆಯೇ ಆ ಕಸುಬಿನವರ ರಕ್ಷಣೆಯಾಗುತ್ತದೆ. ಅದನ್ನು ಯಾರೂ ಪಟ್ಟಿ ಮಾಡಿ ಕೊಡಬೇಕಿಲ್ಲ, ಎಣಿಕೆಯಲ್ಲಿ ತಾನಾಗಿ ಹೊಮ್ಮುತ್ತದೆ.

ಇಲ್ಲಿ ಒಂದು ಗುಂಡಿಯಿದೆ. ‘ಕೊಳೆ’ ಸ್ಪ್ಯಾಮಿನಲ್ಲಿ ಒಮ್ಮೆಯೂ ಬಂದಿರದಿದ್ದರೆ ಅದರ ತೂಕ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ. ಆಗ ಆ ಒಂದು ಪದವನ್ನು ತುರುಕಿದ ಎಂಥ ವಂಚನೆಯ ಸಂದೇಶವೂ ಸಲೀಸಾಗಿ ಒಳನುಸುಳುತ್ತದೆ. ಇದಕ್ಕೆ ಮದ್ದು ಕೊಟ್ಟವರು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ದಾಖಲಾದ ಐದು ಸಾವಿರ ವರ್ಷಗಳಲ್ಲಿ, ಅಂದರೆ 18,26,213 ದಿನ, ಸೂರ್ಯ ತಪ್ಪದೆ ಹುಟ್ಟಿದ್ದಾನೆ. ನಾಳೆಯೂ ಹುಟ್ಟುವ ಸಂಭವವೆಷ್ಟು ಎಂದು ಅವರು ಕೇಳಿಕೊಂಡರು. (ಜುಲೈ ತಿಂಗಳ ಆಗುಂಬೆಯಲ್ಲಿ ಕುಳಿತಿದ್ದರೆ ಅವರಿಗೆ ಈ ಪ್ರಶ್ನೆಗೆ ಆಧಾರವೇ ಸಿಗುತ್ತಿರಲಿಲ್ಲ.) ಕಾಣದಿರುವುದೂ ಮುಂದೆ ಕಾಣಬಹುದೆಂಬ ಎಚ್ಚರದಿಂದ ಅವರು ಎಣಿಕೆಗೆ ಒಂದನ್ನೂ ಒಟ್ಟು ಮೊತ್ತಕ್ಕೆ ಎರಡನ್ನೂ ಸೇರಿಸಿದರು. 200ರಲ್ಲಿ ಸೊನ್ನೆ ಎಂಬುದು ಹೀಗೆ 202ರಲ್ಲಿ ಒಂದಾಗುತ್ತದೆ. ಅತಿ ಚಿಕ್ಕ ಸಂಖ್ಯೆಯೇ ಆದರೂ ಅದು ಸೊನ್ನೆಯಲ್ಲ, ಉಳಿದ ಪದಗಳ ಮಾತು ಕೇಳಿಸುವುದಕ್ಕೆ ಅಷ್ಟು ಸಾಕು.

ಇನ್ನೊಂದು ದೋಷವನ್ನು ವಿಜ್ಞಾನಿಗಳು ಗೊತ್ತಿದ್ದೇ ಬಿಟ್ಟುಕೊಂಡಿದ್ದಾರೆ. ತೂಕಗಳನ್ನು ಹೀಗೆ ಸುಮ್ಮನೆ ಗುಣಿಸಬೇಕಾದರೆ ಪ್ರತಿ ಪದವೂ ಉಳಿದವುಗಳ ಹಂಗಿಲ್ಲದೆ ಬಂದಿರಬೇಕು. ಮೈಲುತುತ್ತ ಬಂದಲ್ಲಿ ಸುಣ್ಣವೂ ಬರುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸುವುದೆಂದರೆ ಒಂದೇ ಮನೆಯ ಇಬ್ಬರು ಹೇಳಿಕೊಟ್ಟಂತೆ ಒಪ್ಪಿಸಿದ ಸಾಕ್ಷ್ಯವನ್ನು ಎರಡು ಸ್ವತಂತ್ರ ಸಾಕ್ಷಿಗಳೆಂದು ಬರೆದುಕೊಂಡಂತೆ. ಫಿಲ್ಟರಿಗೆ ಇದರಿಂದ ಅತಿಯಾದ ಆತ್ಮವಿಶ್ವಾಸ ಬರುತ್ತದೆ, ಶೇಕಡಾ 90 ಎನ್ನಬೇಕಾದಲ್ಲಿ 99.9 ಎನ್ನುತ್ತದೆ. ಹಾಗಿದ್ದೂ ತೀರ್ಪು ಬಹುತೇಕ ಸರಿಯಾದ ಕಡೆಗೇ ಬೀಳುತ್ತದೆ. ಬೇಕಾದದ್ದು ‘ಒಳಗೆ’ ಅಥವಾ ‘ಹೊರಗೆ’ ಎಂಬ ಉತ್ತರ ಮಾತ್ರವಾದ್ದರಿಂದ ಸಂಭವದ ನಿಖರ ಬೆಲೆ ತಪ್ಪಿದರೂ ಕೆಲಸ ಕೆಡುವುದಿಲ್ಲ ಎಂಬುದನ್ನು 1997ರಲ್ಲಿ ಸಂಶೋಧಕರಾದ ಡೊಮಿಂಗೋಸ್ ಮತ್ತು ಪಜ್ಜಾನಿ ಗಣಿತದಿಂದಲೇ ತೋರಿಸಿದರು. ಒಳ್ಳೆಯ ಸಂದೇಶ ಕಳೆದುಹೋಗುವ ನಷ್ಟ ಒಂದು ಕಸ ಒಳಬರುವ ಕಿರಿಕಿರಿಗಿಂತ ದೊಡ್ಡದಾದ್ದರಿಂದ ಗ್ರಹಾಂ ಒಳ್ಳೆಯ ಸಂದೇಶಗಳ ಎಣಿಕೆಯನ್ನು ಬೇಕೆಂದೇ ಇಮ್ಮಡಿಸಿದ್ದರು.

ಕನ್ನಡಕ್ಕೆ ಬಂದಾಗ ಎಣಿಸುವ ಕೆಲಸವೇ ತೊಡಕಿನದು. ಸಾಲ, ಸಾಲಕ್ಕೆ, ಸಾಲವನ್ನು, ಸಾಲದಿಂದ ಎಂಬವು ಯಂತ್ರಕ್ಕೆ ನಾಲ್ಕು ಅಪರಿಚಿತ ಪದಗಳು. ಪ್ರತ್ಯಯ ಬಿಡಿಸಿ ಎಣಿಸದಿದ್ದರೆ ಪ್ರತಿಯೊಂದರ ಪಾಲಿಗೂ ಸಾಕ್ಷ್ಯ ತೆಳುವಾಗುತ್ತದೆ. ‘ಬ್ಯಾಂಕ್’ ಎಂಬುದನ್ನು ಸೂಕ್ಷ್ಮವಾಗಿ ನೋಡಿ. ಅದರ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿ ‘ಬ್ಯಾ೦ಕ್’ ಎಂದು ಬರೆದರೆ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರು ಅಕ್ಷರಗಳಿಗೆ ಕೊಡುವ ಸಂಖ್ಯೆಗಳ ಪಟ್ಟಿಯಾದ ಯೂನಿಕೋಡಿನಲ್ಲಿ ಮಾತ್ರ ಎರಡೂ ಬೇರೆ ಬೇರೆ ಸಂಕೇತಗಳು. ‘ಸಾಫ್ಟ್‌ವೇರ್’ ಬರೆಯಲು ಬೇಕಾಗುವ, ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆಯನ್ನು ಯಾವ ಪದದ ನಡುವೆ ತೂರಿಸಿದರೂ ಪದಪಟ್ಟಿ ಅದನ್ನು ಗುರುತಿಸಲಾರದು. ವಂಚಕರಿಗೆ ಇವೆಲ್ಲ ಆಯುಧಗಳು ಎನ್ನುವುದು ನಿಜ, ಆದರೆ ಅನುಸ್ವಾರಕ್ಕೆ ಸೊನ್ನೆ ಒತ್ತುವ ಸಾಚಾ ಜನರೂ ಬೇಕಾದಷ್ಟಿದ್ದಾರೆ. ಅಂಥವರನ್ನು ದಂಡಿಸುವುದರ ಬದಲು, ಅಕ್ಷರಗಳ ನಡುವೆ ಸಿಕ್ಕಿದ ಸೊನ್ನೆಯನ್ನು ಎಣಿಕೆಗೆ ಮೊದಲೇ ಅನುಸ್ವಾರವಾಗಿ ತಿದ್ದಿ, ಕಾಣದ ಚಿಹ್ನೆಗಳನ್ನು ತೆಗೆದುಹಾಕುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಮಾಡಿದರೂ ಸ್ಪ್ಯಾಮ್ ಏಕೆ ನಿಲ್ಲುವುದಿಲ್ಲವೆಂಬುದಕ್ಕೆ 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಉತ್ತರ ಕೊಟ್ಟಿದ್ದಾರೆ: ವಂಚಕರ ಜಾಲವೊಂದರೊಳಗೆ ಹೊಕ್ಕು ಅವರು ಗಮನಿಸಿದ 26 ದಿನಗಳಲ್ಲಿ ಸುಮಾರು 35 ಕೋಟಿ ಇಮೇಲುಗಳು ಹೊರಟಿದ್ದವು, ಆಗಿದ್ದ ಮಾರಾಟ 28. ಕಳಿಸುವ ಖರ್ಚು ತೀರಾ ಕಡಿಮೆಯಿದ್ದರೆ ಅಷ್ಟರಿಂದಲೂ ಲಾಭವೇ.

ಫಿಲ್ಟರಿನ ಬುದ್ಧಿಯೆಲ್ಲ ನಾವು ಒತ್ತುವ ‘ಸ್ಪ್ಯಾಮ್’ ಗುಂಡಿಯಿಂದ ಬರುವುದರಿಂದ ನಮ್ಮ ಭಯಗಳೂ ಅದರ ಲೆಕ್ಕದಲ್ಲಿ ಸೇರುತ್ತವೆ. ದೇವರ ಹೆಸರು ಹಾಕಿ ‘ಹನ್ನೊಂದು ಜನರಿಗೆ ಕಳಿಸಿ, ಕಡೆಗಣಿಸಿದರೆ ಕೇಡು’ ಎಂದು ಬೆದರಿಸುವ ಸಂದೇಶ, ಹಿಂದೆ ಅಂಚೆ ಕಾರ್ಡುಗಳಲ್ಲೂ ಅಚ್ಚು ಹಾಕಿಸಿದ ಕರಪತ್ರಗಳಲ್ಲೂ ತಿರುಗುತ್ತಿದ್ದ ಅದೇ ಪಿಡುಗು. ವಿದ್ಯಾವಂತರೂ ಅದನ್ನು ಸ್ಪ್ಯಾಮ್ ಎಂದು ಗುರುತಿಸಲು ಅಳುಕುತ್ತಾರೆ, ಎಲ್ಲಿಯಾದರೂ ಏನಾದರೂ ಆದೀತೆಂದು. ಗುರುತಾಗದ ಪ್ರತಿಯೊಂದು ಸಂದೇಶವೂ ಒಳ್ಳೆಯವುಗಳ ಖಾತೆಗೆ ಜಮೆಯಾಗಿ, ಬೆದರಿಕೆಯ ಭಾಷೆಯೇ ಸಜ್ಜನರ ಭಾಷೆಯೆಂದು ಯಂತ್ರ ಕಲಿಯುತ್ತದೆ. ಮುಂದೆ ಅದೇ ಧಾಟಿಯಲ್ಲಿ ಬರುವ ‘ಇಂದೇ ವಿವರ ತುಂಬದಿದ್ದರೆ ಖಾತೆ ಸ್ಥಗಿತ’ ಎಂಬ ವಂಚನೆಗೆ ದಾರಿ ಅಷ್ಟರಮಟ್ಟಿಗೆ ಸುಗಮ.

ಕಲಿತದ್ದು ಹಳತಾಗುವುದೂ ಉಂಟು. ಮಳೆಗಾಲದ ಸಂದೇಶಗಳಿಂದ ಕಲಿತ ಫಿಲ್ಟರಿಗೆ ಕೊಳೆ, ಟಾರ್ಪಾಲು, ಸುಣ್ಣ ಚೆನ್ನಾಗಿ ಗೊತ್ತು. ಕೊಯ್ಲು ಮುಗಿದು ಮಾರಾಟ ಶುರುವಾದಾಗ ದರ, ಕ್ವಿಂಟಲ್, ಖಾತೆ ಸಂಖ್ಯೆ, ಹಣ ಜಮೆ ಎಂಬ ಪದಗಳು ಒಮ್ಮೆಗೇ ನುಗ್ಗುತ್ತವೆ, ಹಳೆಯ ಲೆಕ್ಕದಲ್ಲಿ ಅವೆಲ್ಲ ಅನುಮಾನಾಸ್ಪದ. ಆದ್ದರಿಂದ ಎಣಿಕೆಯನ್ನು ವರ್ಷವಿಡೀ ಮುಂದುವರಿಸಬೇಕಾಗುತ್ತದೆ. ತಿಂಗಳು ಕಳೆದಂತೆ ಹಳೆಯ ಸಂದೇಶಗಳ ಬೆಲೆಯನ್ನು ತುಸು ತುಸು ತಗ್ಗಿಸಬೇಕು. ಆದರೆ ಪೂರ್ತಿ ಅಳಿಸಬಾರದು, ಏಕೆಂದರೆ ಮುಂದಿನ ಮೇ ಕೊನೆಗೆ ಮೈಲುತುತ್ತದ ಮಾತು ಮತ್ತೆ ಬಂದೇ ಬರುತ್ತದೆ.