ಮಗು ಬಂದು ಹೇಳಿದ ಮೊದಲ ಹತ್ತು ನಿಮಿಷ

ನನ್ನ ಹತ್ತಿರ ಬರುವ ತಂದೆ-ತಾಯಿ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಮಗು ಫೋನಲ್ಲಿ ಏನು ನೋಡ್ತಿದೆ ಅಂತ ಗೊತ್ತಾಗೋಕೆ ಯಾವ ಆ್ಯಪ್ ಹಾಕ್ಬೇಕು?" ಕೇಳುವುದರಲ್ಲಿ ತಪ್ಪೇನಿಲ್ಲ. ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಚಿಕ್ಕ ಮಕ್ಕಳ ಫೋನಿಗೆ ಅದನ್ನು ಹಾಕಿಕೊಳ್ಳಿ. ಆದರೆ ಹೈಸ್ಕೂಲು, ಪಿಯುಸಿ ಮಕ್ಕಳ ಕೌನ್ಸೆಲಿಂಗ್ ಮಾಡುತ್ತಾ ನನಗೆ ಖಚಿತವಾದದ್ದು ಬೇರೆಯೇ. ಆನ್‌ಲೈನಲ್ಲಿ ಮಗುವಿಗೆ ಏನೋ ಕೆಟ್ಟದ್ದಾಯಿತು ಅನ್ನಿ. ಅದನ್ನು ಮನೆಯಲ್ಲಿ ಯಾರಿಗಾದರೂ ಹೇಳಿತೋ ಇಲ್ಲವೋ, ಹೇಳಿದಾಗ ಮನೆಯವರು ಏನು ಮಾಡಿದರು, ಮುಂದಿನದೆಲ್ಲ ಇದರ ಮೇಲೆ ನಿಂತಿರುತ್ತದೆ.

ಬೆದರಿಸಿ ದುಡ್ಡು ಕೀಳುವವರಿಗೆ ಇದು ಚೆನ್ನಾಗಿ ಗೊತ್ತು. "ನಿಮ್ಮಪ್ಪನಿಗೆ ಕಳಿಸ್ತೀನಿ" ಅನ್ನುವ ಒಂದು ಮಾತೇ ಅವರ ಬಂಡವಾಳ.

ಇದು ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಬೇರೆ ಬೇರೆ ಮಕ್ಕಳ ಅನುಭವ ಸೇರಿಸಿ, ಯಾರ ಗುರುತೂ ಸಿಗದ ಹಾಗೆ ಬರೆದಿದ್ದೇನೆ. ಹುಡುಗ ಫಸ್ಟ್ ಪಿಯುಸಿ. ಇನ್‌ಸ್ಟಾಗ್ರಾಮಲ್ಲಿ ಒಂದು ಹುಡುಗಿಯ ಹೆಸರಿನ ಖಾತೆಯಿಂದ ರಿಕ್ವೆಸ್ಟ್ ಬಂತು. ಅವನ ಕಾಲೇಜಿನ ಆರೇಳು ಹುಡುಗರು ಆಗಲೇ ಆ ಖಾತೆಯನ್ನು ಫಾಲೋ ಮಾಡುತ್ತಿದ್ದರು. ಹಾಗಾಗಿ ಪಕ್ಕದ ಸೆಕ್ಷನ್ನಿನವಳೇ ಇರಬೇಕು ಅಂದುಕೊಂಡ. ಎರಡು ದಿನ ಹಾಯ್, ಊಟ ಆಯ್ತಾ, ಯಾವ ಕಾಂಬಿನೇಷನ್ ಅಂತ ಮಾತು. ಮೂರನೇ ದಿನ ವಾಟ್ಸಾಪ್ ನಂಬರ್ ಕೊಟ್ಟ, ರಾತ್ರಿ ವಿಡಿಯೊ ಕಾಲ್ ಬಂತು. ಆ ಕಡೆ ಕಂಡದ್ದು ಯಾರದೋ ಹಳೇ ವಿಡಿಯೊ. ಈ ಕಡೆ ಹುಡುಗ ಮಾಡಿದ್ದೆಲ್ಲ ರೆಕಾರ್ಡ್ ಆಗುತ್ತಿತ್ತು. ಕಾಲ್ ಕಟ್ ಆದ ಎರಡೇ ನಿಮಿಷಕ್ಕೆ ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಬಂತು. ಅಕ್ಕನ ಹೆಸರು, ಅತ್ತೆ ಮಗನ ಹೆಸರು, ಮ್ಯಾಥ್ಸ್ ಲೆಕ್ಚರರ್ ಹೆಸರು, ಮೂರಕ್ಕೂ ಕೆಂಪು ಗುಂಡು ಸುತ್ತಿತ್ತು. "5 ಸಾವಿರ ಹಾಕು, ಇಲ್ಲಾಂದ್ರೆ ಇವರಿಗೆಲ್ಲ ಹೋಗುತ್ತೆ."

ಅಮ್ಮನ ಫೋನಿನ ಯುಪಿಐ ಪಿನ್ ಅವನಿಗೆ ಗೊತ್ತಿತ್ತು. 2 ಸಾವಿರ ಹಾಕಿದ. ಅರ್ಧ ಗಂಟೆಗೆ 10 ಸಾವಿರ ಬೇಕು ಅಂದರು. ಆಮೇಲೆ ಹುಡುಗ ಊಟ ಬಿಟ್ಟ, ತಲೆನೋವು ಅಂತ ಕಾಲೇಜಿಗೆ ಹೋಗಲಿಲ್ಲ, ಫೋನ್ ಸದ್ದು ಮಾಡಿದರೆ ಬೆಚ್ಚಿಬೀಳುತ್ತಿದ್ದ. ಮನೆಯವರು ಪರೀಕ್ಷೆ ಭಯ ಅಂದುಕೊಂಡರು. ಕೊನೆಗೆ ಅಕ್ಕನ ಹತ್ತಿರ ಬಾಯಿ ಬಿಟ್ಟ. ಯಾಕಪ್ಪ ಮೊದಲೇ ಹೇಳಲಿಲ್ಲ ಅಂತ ಕೇಳಿದರೆ ಇಂಥ ಮಕ್ಕಳೆಲ್ಲ ಕೊಡುವ ಉತ್ತರ ಹೆಚ್ಚುಕಮ್ಮಿ ಒಂದೇ: "ಅಪ್ಪ ಹೊಡೀತಾರೆ, ಫೋನ್ ಕಿತ್ಕೋತಾರೆ, ಎಲ್ಲರಿಗೂ ಗೊತ್ತಾಗುತ್ತೆ."

ಈಗ ನಿಮ್ಮ ಮನೆಯಲ್ಲೇ ಇದು ಆಗಿದೆ ಅಂತ ಇಟ್ಟುಕೊಳ್ಳಿ. ಮಗು ಎದುರಿಗೆ ನಿಂತಿದೆ. ನಿಮ್ಮ ಕೈಕಾಲು ನಡುಗುತ್ತಿದೆ, "ಇಂಥ ಕೆಲಸಕ್ಕೇನಾ ಫೋನ್ ಕೊಡಿಸಿದ್ದು" ಅನ್ನುವುದು ನಾಲಿಗೆ ತುದಿಗೆ ಬಂದಿದೆ. ದಯವಿಟ್ಟು ಅದನ್ನು ನುಂಗಿಕೊಳ್ಳಿ. "ಹೇಳಿದ್ದು ಒಳ್ಳೇದಾಯ್ತು ಕಣೋ. ತಪ್ಪು ಬೆದರಿಸ್ತಿರೋ ಅವನದ್ದು. ಈಗ ನಾವಿಬ್ರೂ ಸೇರಿ ನೋಡ್ಕೊಳ್ಳೋಣ." ಇಷ್ಟು ಸಾಕು. ಬುದ್ಧಿ ಹೇಳುವುದು ಇದ್ದೇ ಇದೆ, ಅದಕ್ಕೆ ಆಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ. ಆ ರಾತ್ರಿ ಮಾತ್ರ ಮಗುವನ್ನು ಒಂಟಿಯಾಗಿ ಮಲಗಲು ಬಿಡಬೇಡಿ. ನಾಚಿಕೆ, ಭಯ ಎರಡೂ ಒಟ್ಟಿಗೆ ಬಂದಾಗ ಮಕ್ಕಳು ಜೀವಕ್ಕೇ ಏನಾದರೂ ಮಾಡಿಕೊಳ್ಳುವ ಯೋಚನೆಗೆ ಹೋಗುತ್ತಾರೆ. ಸುಮ್ನೆ ಹೆದರಿಸಲು ನಾನು ಇದನ್ನು ಹೇಳುತ್ತಿಲ್ಲ. ಅಂಥ ಮಾತೇನಾದರೂ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕೆಲಸದ ವಿಷಯ. ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ, ಕೊಟ್ಟರೆ ಇನ್ನೂ ಸಿಗುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ ಅಷ್ಟೇ. ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡಬೇಡಿ. ಬಹಳ ಜನ ಮೊದಲು ಮಾಡುವುದೇ ಅದು, ಆಮೇಲೆ ಪೊಲೀಸರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಬೆದರಿಕೆ ಮೆಸೇಜು, ಫೋನ್ ನಂಬರು, ದುಡ್ಡು ಹೋದ ಯುಪಿಐ ಐಡಿ, ದಿನಾಂಕ-ಸಮಯ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಖಾತೆಯ ಹೆಸರು ಯಾವಾಗ ಬೇಕಾದರೂ ಬದಲಾಗಬಹುದು, ಅದಕ್ಕೆ ಪ್ರೊಫೈಲ್‌ನ ಲಿಂಕನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಇದಾದ ಮೇಲೆ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ಮೇಲಿನ ಅಪರಾಧಕ್ಕೆ ಅಂತಲೇ ಬೇರೆ ವಿಭಾಗ ಇದೆ. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ, ನೇರವಾಗಿ ಅಲ್ಲಿಗೂ ಹೋಗಬಹುದು. ಏನು ಮಾಡಬೇಕು ಅಂತಲೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098, ಹಗಲು-ರಾತ್ರಿ ಯಾವಾಗ ಬೇಕಾದರೂ.

ಒಂದು ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿರಿ. ಮಗುವಿನ ಆ ಫೋಟೊ ಅಥವಾ ವಿಡಿಯೊವನ್ನು "ಇದನ್ನ ನೋಡಿ, ಏನ್ ಮಾಡೋದು ಹೇಳಿ" ಅಂತ ಭಾವನಿಗೋ ಪರಿಚಯದ ಲಾಯರಿಗೋ ವಾಟ್ಸಾಪ್ ಮಾಡಬೇಡಿ. ಮಕ್ಕಳ ಅಂಥ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಅದನ್ನು ನೋಡಿದವರ ಮುಖವನ್ನು ಮುಂದಿನ ಹಬ್ಬಕ್ಕೆ, ಮದುವೆಗೆ ಆ ಮಗು ನೋಡಬೇಕಾಗುತ್ತದೆ.

ಪೊಲೀಸ್ ಅಂದ ತಕ್ಷಣ ತಾಯಂದಿರು "ಮರ್ಯಾದೆ ಹೋಗುತ್ತಲ್ಲ ಮೇಡಂ" ಅನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಅದಕ್ಕೇ ಕಾಯ್ದೆಯಲ್ಲಿ ಏನಿದೆ ಅಂತ ಬಿಡಿಸಿ ಹೇಳುತ್ತೇನೆ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ, ಹುಡುಗರಿಗೂ. ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಮಾಧ್ಯಮದವರು ಹಾಕುವ ಹಾಗಿಲ್ಲ. ಹೇಳಿಕೆಯನ್ನು ನಿಮ್ಮ ಮನೆಯಲ್ಲೇ ಪಡೆಯಲು ಅವಕಾಶ ಇದೆ, ಪಡೆಯುವ ಅಧಿಕಾರಿ ಯೂನಿಫಾರಂ ಹಾಕಿರಬಾರದು, ಸಾಧ್ಯವಾದ ಮಟ್ಟಿಗೆ ಅವರು ಮಹಿಳೆಯೇ ಆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದನ್ನೆಲ್ಲ ಕೇಳುವುದು ನಿಮ್ಮ ಹಕ್ಕು, ಕೇಳಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ನೋಡಿದಂತೆ ಬೆದರಿಸುವವನು ಹೆಚ್ಚಾಗಿ ಗೊತ್ತಿರುವವನೇ. ಮೊದಲು ಸ್ನೇಹ, ಆಮೇಲೆ ಜಗಳ, ಆಮೇಲೆ "ನಿನ್ನ ಫೋಟೊ ನನ್ನ ಹತ್ರ ಇದೆ". ಈಗಂತೂ ಹುಡುಗಿ ಯಾವ ಫೋಟೊವನ್ನೂ ಕಳಿಸಿರಬೇಕಿಲ್ಲ. ಸ್ಕೂಲ್ ಡೇ ದಿನ ಸೀರೆಯುಟ್ಟು ನಿಂತ ಚಿತ್ರವನ್ನೇ ಎಐ ಆ್ಯಪಿಗೆ ಹಾಕಿ ಬೆತ್ತಲೆ ಮಾಡುತ್ತಾರೆ. ಅದು ಸುಳ್ಳು ಚಿತ್ರ ಅಂತ ಸುಮ್ಮನಾಗಬೇಡಿ. 2019ರ ತಿದ್ದುಪಡಿ ಆದ ಮೇಲೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ, ತಿದ್ದಿದ ಚಿತ್ರವೂ ಪೋಕ್ಸೊ ವ್ಯಾಪ್ತಿಗೆ ಬರುತ್ತದೆ. ಚಿತ್ರ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆ ಇದೆ, ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯದು, 18ರೊಳಗೆ ತೆಗೆದ ಚಿತ್ರಗಳಿಗೆ. ನಿಮ್ಮ ಫೋಟೊ ಅವರಿಗೆ ಹೋಗುವುದೇ ಇಲ್ಲ. ಫೋನಿನಲ್ಲೇ ಅದಕ್ಕೊಂದು ಬೆರಳಚ್ಚಿನಂಥ ಸಂಕೇತ ತಯಾರಾಗುತ್ತದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳು ಅದನ್ನು ಹಿಡಿದು ಚಿತ್ರ ಹುಡುಕಿ ತೆಗೆಯುತ್ತವೆ. ವಾಟ್ಸಾಪ್ ಚಾಟಿನಲ್ಲಿ ಓಡಾಡುವುದನ್ನು ಮಾತ್ರ ಇದು ತಡೆಯುವುದಿಲ್ಲ.

ಮೊದಲೇ ಮಾಡಿಡಬಹುದಾದ ಕೆಲಸವೂ ಇದೆ. ಇವತ್ತೇ ಮಗುವಿನ ಜೊತೆ ಕೂತು ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್ ತೆರೆಯಿರಿ. ಅಕೌಂಟ್ಸ್ ಸೆಂಟರ್, ಅದರೊಳಗೆ ಪರ್ಸನಲ್ ಡೀಟೇಲ್ಸ್, ಅಲ್ಲಿ ಹುಟ್ಟಿದ ದಿನ ನೋಡಿ. 2000 ಅಂತಲೋ 1998 ಅಂತಲೋ ಇರುವ ಸಾಧ್ಯತೆ ಬಹಳ ಇದೆ. 13 ತುಂಬದವರಿಗೆ ಖಾತೆ ಇಲ್ಲವಲ್ಲ, ಹಾಗಾಗಿ ಆರನೇ ಕ್ಲಾಸಿನಲ್ಲೇ ಸುಳ್ಳು ಇಸವಿ ಹಾಕಿರುತ್ತಾರೆ. ಇದರಿಂದ ಏನಾಗುತ್ತದೆ ಗೊತ್ತಾ? ಭಾರತದಲ್ಲಿ 2025ರಿಂದ 13ರಿಂದ 17 ವರ್ಷದವರಿಗೆ ಟೀನ್ ಅಕೌಂಟ್ ಬಂದಿದೆ. ಅದರಲ್ಲಿ ಖಾತೆ ತಾನಾಗಿಯೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ, 16ರೊಳಗಿನವರು ಅದನ್ನು ಸಡಿಲ ಮಾಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಆದರೆ ನಿಮ್ಮ ಹದಿನಾಲ್ಕರ ಮಗಳನ್ನು ಇನ್‌ಸ್ಟಾಗ್ರಾಂ ಇಪ್ಪತ್ತೈದರ ಹೆಂಗಸು ಅಂತ ತಿಳಿದಿದ್ದರೆ ಈ ಯಾವ ರಕ್ಷಣೆಯೂ ಅವಳಿಗೆ ಸಿಗುವುದಿಲ್ಲ. ಇಸವಿ ಸರಿ ಮಾಡಿಸಿ. ಫಾಲೋವರ್ಸ್ ಪಟ್ಟಿ, ರಿಕ್ವೆಸ್ಟ್ ಒಪ್ಪಿಕೊಂಡವರನ್ನು ಬಿಟ್ಟು ಬೇರೆಯವರಿಗೆ ಕಾಣದ ಹಾಗೆ ಮಾಡುವುದೂ ಪ್ರೈವೇಟ್ ಖಾತೆಯಿಂದಲೇ ಆಗುತ್ತದೆ. ಆ ಹುಡುಗನನ್ನು ಹೆದರಿಸಿದ್ದು ಆ ಪಟ್ಟಿಯೇ ಅಲ್ವಾ? ಹಾಗೆಯೇ ನಿಮ್ಮ ಫೋನಿನ ಯುಪಿಐ ಪಿನ್ ಬದಲಿಸಿ.

ಮತ್ತೆ ಮಗುವಿಗೆ ಈ ಮಾತನ್ನು ಬಾಯಿಬಿಟ್ಟು ಹೇಳಿ: "ಆನ್‌ಲೈನಲ್ಲಿ ಯಾರಾದ್ರೂ ಹೆದರಿಸಿದ್ರೆ ನನ್ ಹತ್ರ ಬಾ. ನೀನು ಏನೇ ಮಾಡಿದ್ರೂ ಸರಿ, ಹೊಡೆಯಲ್ಲ, ಅದಕ್ಕೋಸ್ಕರ ಫೋನ್ ಕಿತ್ಕೊಳ್ಳಲ್ಲ." ಅಪ್ಪನೂ ಹೇಳಬೇಕು, ಅಮ್ಮನೂ ಹೇಳಬೇಕು. ಕೆಲವು ಮನೆಗಳಲ್ಲಿ ಅಪ್ಪನ ಹತ್ತಿರ ಹೇಳಲು ಆಗುವುದೇ ಇಲ್ಲ. ಅಂಥ ಕಡೆ ಚಿಕ್ಕಮ್ಮನೋ ಸೋದರಮಾವನೋ ಯಾರಾದರೂ ಒಬ್ಬರನ್ನು ತೋರಿಸಿ, "ನಮಗೆ ಹೇಳೋಕಾಗಲ್ಲ ಅಂದ್ರೆ ಮಾಮನಿಗೆ ಹೇಳು" ಅನ್ನಿ, ಆ ಮಾಮನಿಗೂ ಈ ವಿಷಯ ಮೊದಲೇ ತಿಳಿಸಿಡಿ.

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಕಷ್ಟ. ದೂರು ಕೊಟ್ಟಾಯಿತು, ಆರು ತಿಂಗಳು ಕಳೆಯಿತು, ಯೂನಿಟ್ ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂತು. ಆಗ "ಅವತ್ತು ನೀನು ಮಾಡಿದ ಘನಕಾರ್ಯ ಮರೆತಿಲ್ಲ" ಅಂದುಬಿಡುತ್ತಾರೆ. ಈ ಒಂದು ಮಾತಾದ ಮೇಲೆ ಮತ್ತೆ ಬಾಯಿ ಮುಚ್ಚಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅವತ್ತಿನ ವಿಷಯವನ್ನು ಅವತ್ತಿಗೇ ಬಿಡಿ, ಮಾರ್ಕ್ಸ್ ವಿಷಯವನ್ನು ಮಾರ್ಕ್ಸ್ ವಿಷಯವಾಗಿಯೇ ಮಾತಾಡಿ.